ಫೋರ್ ವೀಲ್ ಡ್ರೈವ್ ವಾಹನದ ಗೇರ್ ಆಯಿಲ್: ಮನೆಯಲ್ಲೇ ಬದಲಿಸುವುದು ಹೇಗೆ?

ಎಂಜಿನ್ ಆಯಿಲ್ ಒತ್ತಡ ಕುಸಿದರೆ ಚಾಲಕನ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ರೇಡಿಯೇಟರ್ ನೀರು ಕಾದರೆ ಉಷ್ಣಮಾಪಕದ ಮುಳ್ಳು ಮೇಲೇರುತ್ತದೆ. ಬ್ರೇಕ್ ದ್ರವ ಕಡಿಮೆಯಾದರೂ ಎಚ್ಚರಿಕೆ ದೊರೆಯುತ್ತದೆ. ಆದರೆ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್‌ಗಳಲ್ಲಿರುವ ಗೇರ್ ಆಯಿಲ್ ಬತ್ತಿಹೋದರೂ, ಅದಕ್ಕೆ ನೀರು ಬೆರೆತರೂ ಬಹುಪಾಲು ವಾಹನಗಳಲ್ಲಿ ಯಾವ ದೀಪವೂ ಹೊತ್ತುವುದಿಲ್ಲ. ಮೊದಲ ಸೂಚನೆ ಬರುವುದು ಕಿವಿಗೆ. ವಾಹನದ ಅಡಿಯಿಂದ ವೇಗದೊಂದಿಗೆ ಏರಿಳಿಯುವ ಗುಂಯ್‌ಗುಡುವಿಕೆಯ ರೂಪದಲ್ಲಿ. ಆ ಸದ್ದು ಸ್ಪಷ್ಟವಾಗಿ ಕೇಳಿಸುವ ವೇಳೆಗೆ ಬೇರಿಂಗ್ ಅಥವಾ ಗೇರ್ ಹಲ್ಲುಗಳು ಸವೆದಿರುತ್ತವೆ. ಸವೆದ ಹಲ್ಲನ್ನು ಹೊಸ ಎಣ್ಣೆ ಮರಳಿ ಬೆಳೆಸಲಾರದು.

ಎಂಜಿನ್ ಆಯಿಲ್ ಬದಲಿಸುವ ದಿನಾಂಕವನ್ನು ತಪ್ಪದೆ ಬರೆದಿಡುವ ಮಾಲೀಕರು ಕೂಡ ಈ ಎಣ್ಣೆಯನ್ನು ಮರೆಯುತ್ತಾರೆ. ಅದರಲ್ಲೂ ಮಳೆಗಾಲದಲ್ಲಿ ಮಲೆನಾಡಿನ ಹಳ್ಳಗಳನ್ನು ದಾಟುವ, ತೋಟದ ಕೆಸರಿನಲ್ಲಿ ಓಡಾಡುವ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಘಟ್ಟ ಹತ್ತುವ ವಾಹನಗಳಿಗೆ ಇದು ದುಬಾರಿ ಮರೆವು. ಸಂತಸದ ಸಂಗತಿಯೆಂದರೆ, ಗೇರ್ ಆಯಿಲ್ ಪರೀಕ್ಷಿಸುವುದು ಮತ್ತು ಬದಲಿಸುವುದು ಕ್ಲಿಷ್ಟ ವಿದ್ಯೆಯೇನಲ್ಲ. ಕೆಲವು ಉಪಕರಣ, ಒಂದು ಬಿಡುವಿನ ಬೆಳಗು ಮತ್ತು ಕ್ರಮ ತಪ್ಪದ ತಾಳ್ಮೆ ಇದ್ದರೆ ಮನೆಯಂಗಳದಲ್ಲೇ ಮಾಡಬಹುದಾದ ಕೆಲಸವಿದು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಣ್ಣೆ ಎಲ್ಲೆಲ್ಲಿದೆ?

ಎಂಜಿನ್‌ನಲ್ಲಿ ಹುಟ್ಟುವ ಶಕ್ತಿ ಮೊದಲು ಗೇರ್‌ಬಾಕ್ಸ್‌ಗೆ ಬರುತ್ತದೆ. ಎರಡೇ ಚಕ್ರಗಳ ಚಾಲನೆಯುಳ್ಳ ಕಾರಿನಲ್ಲಿ ಅಲ್ಲಿಂದ ಒಂದೇ ಡಿಫರೆನ್ಷಿಯಲ್‌ಗೆ ಹೋಗುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಒಂದೇ ಶಕ್ತಿಮೂಲದಿಂದ ಎರಡು ಬೇರೆ ಬೇರೆ ವೇಗಗಳನ್ನು ಸಾಧ್ಯವಾಗಿಸುವ ಗೇರ್‌ಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ನಾಲ್ಕೂ ಚಕ್ರಗಳಿಗೆ ಶಕ್ತಿ ನೀಡುವ ವಾಹನಕ್ಕೆ ಮುಂದೊಂದು, ಹಿಂದೊಂದು ಹೀಗೆ ಎರಡು ಡಿಫರೆನ್ಷಿಯಲ್ ಬೇಕು. ಇವೆರಡಕ್ಕೂ ಶಕ್ತಿಯನ್ನು ಕವಲೊಡೆಸುವುದು ಟ್ರಾನ್ಸ್‌ಫರ್ ಕೇಸ್.

1985ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ ಜಿಪ್ಸಿ, 2023ರಲ್ಲಿ ಬಂದ ಜಿಮ್ನಿ ಹಾಗೂ ಮಹೀಂದ್ರ ಥಾರ್‌ನ ಫೋರ್ ವೀಲ್ ಡ್ರೈವ್ ಮಾದರಿಗಳು ಇದೇ ಗುಂಪಿಗೆ ಸೇರಿದವು. ಬೇಕೆಂದಾಗ ಮಾತ್ರ ಲಿವರ್ ಎಳೆದು ನಾಲ್ಕೂ ಚಕ್ರಗಳನ್ನು ಜೋಡಿಸಿಕೊಳ್ಳುವ ಇಂಥ ವಾಹನಗಳಲ್ಲಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್ ಮತ್ತು ಹಿಂದಿನ ಡಿಫರೆನ್ಷಿಯಲ್ ಎಂಬ ನಾಲ್ಕು ಎಣ್ಣೆ ಮನೆಗಳಿರುತ್ತವೆ. ಪ್ರತಿಯೊಂದಕ್ಕೂ ತುಂಬುವ ಬಿರಡೆ ಮೇಲೆ, ಖಾಲಿ ಮಾಡುವ ಬಿರಡೆ ಕೆಳಗೆ ಇರುವುದು ವಾಡಿಕೆ. ಮೇಲಿನದನ್ನು ಫಿಲ್ಲರ್ ಪ್ಲಗ್ ಎಂದೂ, ಕೆಳಗಿನದನ್ನು ಡ್ರೈನ್ ಪ್ಲಗ್ ಎಂದೂ ಕರೆಯುತ್ತಾರೆ.

ಕಾರಿನಂತಿರುವ ಆಲ್ ವೀಲ್ ಡ್ರೈವ್ ವಾಹನಗಳ ವಿನ್ಯಾಸ ತುಸು ಬೇರೆ. ಭಾರತದಲ್ಲಿ 2014ರಲ್ಲಿ ಬಂದ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್, 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾದರಿಗಳಲ್ಲಿ ಮುಂದಿನ ಡಿಫರೆನ್ಷಿಯಲ್ ಗೇರ್‌ಬಾಕ್ಸ್‌ನೊಳಗೇ ಅಡಗಿರುತ್ತದೆ. ಹಿಂದಿನ ಚಕ್ರಗಳಿಗೆ ಅಗತ್ಯವಿದ್ದಾಗ ಮಾತ್ರ ಶಕ್ತಿ ತಲುಪಿಸುವ ಕಪ್ಲಿಂಗ್ ಹಿಂದಿನ ಡಿಫರೆನ್ಷಿಯಲ್‌ನ ಮುಂಭಾಗದಲ್ಲಿರುತ್ತದೆ. ಅಮೆರಿಕದ ಹಿಮ ಬೀಳುವ ರಾಜ್ಯಗಳಲ್ಲಿರುವ ಕನ್ನಡಿಗರಿಗೆ ಪರಿಚಿತವಾದ ಸುಬಾರು ಕಾರಿನ ಕಥೆ ಇನ್ನೂ ಬೇರೆ. ಅದರ ಐದು ಗೇರ್‌ಗಳ ಮ್ಯಾನುಯಲ್ ಮಾದರಿಯಲ್ಲಿ ಗೇರ್‌ಬಾಕ್ಸ್, ನಡುವಿನ ಡಿಫರೆನ್ಷಿಯಲ್ ಹಾಗೂ ಮುಂದಿನ ಡಿಫರೆನ್ಷಿಯಲ್ ಮೂರಕ್ಕೂ ಒಂದೇ ಎಣ್ಣೆ. ಹಿಂದಿನ ಡಿಫರೆನ್ಷಿಯಲ್‌ಗೆ ಮಾತ್ರ ಪ್ರತ್ಯೇಕ. ಆದ್ದರಿಂದ ‘ನನ್ನ ವಾಹನದಲ್ಲಿ ಎಷ್ಟು ಎಣ್ಣೆ ಮನೆಗಳಿವೆ?’ ಎಂಬುದೇ ಮೊದಲ ಪ್ರಶ್ನೆ. ಉತ್ತರ ವಾಹನದೊಂದಿಗೆ ಬಂದ ಕೈಪಿಡಿಯಲ್ಲಿದೆ.

ಎಣ್ಣೆ ಕೆಡುವುದೇಕೆ?

ಡಿಫರೆನ್ಷಿಯಲ್‌ನೊಳಗೆ ಪಿನಿಯನ್ ಎಂಬ ಚಿಕ್ಕ ಗೇರ್, ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಹಲವು ವಾಹನಗಳಲ್ಲಿ ಪಿನಿಯನ್ನಿನ ಅಕ್ಷ ಕ್ರೌನಿನ ಕೇಂದ್ರಕ್ಕೆ ನೇರವಾಗಿರದೆ ಸ್ವಲ್ಪ ಕೆಳಗೆ ಅಥವಾ ಮೇಲೆ ಸರಿದಿರುತ್ತದೆ. ‘ಹೈಪಾಯ್ಡ್’ ಎಂದು ಕರೆಯಲಾಗುವ ಈ ಜೋಡಣೆ ಬಲಶಾಲಿ ಹಾಗೂ ನಿಶ್ಶಬ್ದ. ಆದರೆ ಇಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಜಾರುತ್ತವೆ ಸಹ. ಸಾಧಾರಣ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕಾಗಿಯೇ ಗೇರ್ ಆಯಿಲ್‌ಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಲೋಹದ ಮೇಲೆ ತೆಳುವಾದ ರಕ್ಷಣಾ ಪದರ ಕಟ್ಟುವುದು ಇವುಗಳ ಕೆಲಸ. ಗೇರ್ ಆಯಿಲ್‌ನ ಘಾಟು ವಾಸನೆಗೆ ಕಾರಣವೂ ಇದೇ ಗಂಧಕ.

ಕಾಲಕ್ರಮೇಣ ಶಾಖದಿಂದ ಈ ಸಂಯುಕ್ತಗಳು ಕ್ಷೀಣಿಸುತ್ತವೆ, ಸವೆತದ ಲೋಹದ ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಎಂಜಿನ್‌ಗಿರುವಂತೆ ಇಲ್ಲಿ ಸಾಮಾನ್ಯವಾಗಿ ಸೋಸುವ ಫಿಲ್ಟರ್ ಇರುವುದಿಲ್ಲ. ತಳದಲ್ಲಿ ಕೂತದ್ದು ಹೊರಹೋಗುವ ಏಕೈಕ ದಾರಿ ಡ್ರೈನ್ ಪ್ಲಗ್.

ಮೂರನೆಯ ಶತ್ರು ನೀರು. ಓಡುವಾಗ ಆಕ್ಸಲ್ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಅದು ಹೊರಹೋಗಲೆಂದು ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇಟ್ಟಿರುತ್ತಾರೆ. ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲು ಹವಣಿಸುತ್ತದೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅಥವಾ ಕೆಸರು ಮೆತ್ತಿ ಕಟ್ಟಿಕೊಂಡಿದ್ದರೆ ಆ ಗಂಡಿಯ ಮೂಲಕವೋ ಆಯಿಲ್ ಸೀಲಿನ ಅಂಚಿನ ಮೂಲಕವೋ ಒಳಗೆ ಸೇರುವುದು ನೀರೇ. 2020ರ ಥಾರ್ 650 ಮಿಲಿಮೀಟರ್ ಆಳದ ನೀರನ್ನು ದಾಟಬಲ್ಲದು ಎಂದು ತಯಾರಕರು ಹೇಳುತ್ತಾರೆ. ಅಷ್ಟು ನೀರಿನಲ್ಲಿ ಹಿಂದಿನ ಆಕ್ಸಲ್ ಸಂಪೂರ್ಣ ಮುಳುಗಿರುತ್ತದೆ ಎಂಬುದನ್ನು ಮಾಲೀಕರು ನೆನಪಿಡಬೇಕು. ವಾಹನ ದಾಟಿದ ಮಾತ್ರಕ್ಕೆ ಎಣ್ಣೆ ಉಳಿಯಿತೆಂದು ಅರ್ಥವಲ್ಲ.

ಯಾವ ಎಣ್ಣೆ?

ಅಂಗಡಿಯವರು ‘ಯಾವುದಾದರೂ ನಡೆಯುತ್ತದೆ’ ಎಂದರೆ ನಂಬಬೇಡಿ. ಡಬ್ಬಿಯ ಮೇಲೆ ಎರಡು ಗುರುತುಗಳನ್ನು ನೋಡಬೇಕು.

ಮೊದಲನೆಯದು ಜಿಎಲ್-4 ಅಥವಾ ಜಿಎಲ್-5 ಎಂಬ ದರ್ಜೆ. ಇದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ರೂಪಿಸಿದ ವರ್ಗೀಕರಣ. ಹೈಪಾಯ್ಡ್ ಗೇರ್‌ಗಳಿಗೆ ಜಿಎಲ್-5 ಬೇಕು. ಒತ್ತಡ ತಾಳುವ ಸಂಯುಕ್ತಗಳು ಅದರಲ್ಲಿ ಜಿಎಲ್-4ಕ್ಕಿಂತ ಗಣನೀಯವಾಗಿ ಹೆಚ್ಚು. ‘ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೆ, ಗೇರ್‌ಬಾಕ್ಸ್‌ಗೂ ಅದನ್ನೇ ಹಾಕೋಣ’ ಎಂಬ ತರ್ಕ ತಪ್ಪು. ಮ್ಯಾನುಯಲ್ ಗೇರ್‌ಬಾಕ್ಸ್‌ನಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊನೈಸರ್ ಬಳೆಗಳು ಹಲವೆಡೆ ಹಿತ್ತಾಳೆಯಂಥ ತಾಮ್ರ ಮಿಶ್ರಲೋಹದವು. ಕೆಲವು ಜಿಎಲ್-5 ಎಣ್ಣೆಗಳ ಗಂಧಕ ಈ ಲೋಹವನ್ನು ತಿನ್ನುತ್ತದೆ. ಅಲ್ಲದೆ ಆ ಬಳೆಗಳು ಕೆಲಸ ಮಾಡುವುದು ಘರ್ಷಣೆಯಿಂದ. ಎಣ್ಣೆ ಅತಿಯಾಗಿ ಜಾರಿದರೆ ಗೇರ್ ಬೀಳುವಾಗ ‘ಕರ್’ ಎನ್ನುತ್ತದೆ. ಹಾಗೆಂದು ಎಲ್ಲ ಗೇರ್‌ಬಾಕ್ಸ್‌ಗೂ ಜಿಎಲ್-4 ಎಂದೂ ಅಲ್ಲ. ಮೇಲೆ ಹೇಳಿದ ಸುಬಾರು ಗೇರ್‌ಬಾಕ್ಸ್‌ಗೆ ಜಿಎಲ್-5 ಎಣ್ಣೆಯೇ ನಿಗದಿಯಾಗಿದೆ. ಕೆಲವು ಟ್ರಾನ್ಸ್‌ಫರ್ ಕೇಸ್‌ಗಳಿಗೆ ಗೇರ್ ಆಯಿಲ್ ಬದಲು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ದ್ರವವೇ ಬೇಕು. ಪ್ರತಿ ಮನೆಗೂ ಕೈಪಿಡಿ ಹೇಳಿದ್ದೇ ಅಂತಿಮ.

ಎರಡನೆಯದು 75ಡಬ್ಲ್ಯು-90, 80ಡಬ್ಲ್ಯು-90 ಎಂಬಂಥ ದಪ್ಪದ ಅಂಕಿ. ತೊಂಬತ್ತು ಎಂದೊಡನೆ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪವೆಂದು ಭಾವಿಸಬೇಕಿಲ್ಲ. ಗೇರ್ ಆಯಿಲ್‌ನ ಅಳತೆಗೋಲೇ ಬೇರೆ. ಕಾದ ಸ್ಥಿತಿಯಲ್ಲಿ 90ರ ಗೇರ್ ಆಯಿಲ್, ಸುಮಾರಾಗಿ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ. ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿನ ಹರಿವನ್ನು ಸೂಚಿಸುತ್ತದೆ. ಅಂಕಿ ಕಡಿಮೆಯಾದಷ್ಟೂ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ.

ನಿಮ್ಮ ವಾಹನದಲ್ಲಿ ಚಕ್ರ ಜಾರುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಮಾದರಿಯ ಡಿಫರೆನ್ಷಿಯಲ್ ಇದ್ದರೆ, ಅದರೊಳಗಿನ ಕ್ಲಚ್ ತಟ್ಟೆಗಳಿಗೆ ಒಗ್ಗುವ ವಿಶೇಷ ಸಂಯುಕ್ತವಿರುವ ಎಣ್ಣೆಯೇ ಬೇಕಾಗಬಹುದು. ಅದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಎಷ್ಟು ಬೇಕು?

ಒಂದು ಅಂದಾಜಿಗೆ ಜಿಪ್ಸಿಯ ಒಡಹುಟ್ಟಿನಂತಿರುವ, ಹೊರದೇಶಗಳಲ್ಲಿ ಮಾರಾಟವಾದ ಸುಜುಕಿ ಸಮುರಾಯ್ ವಾಹನವನ್ನು ನೋಡಬಹುದು. ಅದರ ಮುಂದಿನ ಡಿಫರೆನ್ಷಿಯಲ್‌ಗೆ 2 ಲೀಟರ್, ಹಿಂದಿನದಕ್ಕೆ 1.5 ಲೀಟರ್, ಟ್ರಾನ್ಸ್‌ಫರ್ ಕೇಸ್‌ಗೆ 0.8 ಲೀಟರ್, ಗೇರ್‌ಬಾಕ್ಸ್‌ಗೆ 1.3 ಲೀಟರ್ ಎಣ್ಣೆ ಹಿಡಿಸುತ್ತದೆ. ಒಟ್ಟು 5.6 ಲೀಟರ್. ಸುಬಾರುವಿನ ಐದು ಗೇರ್‌ಗಳ ಮ್ಯಾನುಯಲ್ ಮಾದರಿಗೆ ಮುಂದೆ 3.5 ಲೀಟರ್, ಹಿಂದೆ 0.8 ಲೀಟರ್ ಸಾಕು.

ಈ ಅಂಕಿಗಳ ಚಿಕ್ಕತನವನ್ನು ಗಮನಿಸಿ. ಇಡೀ ವಾಹನದ ಭಾರವನ್ನು ತಳ್ಳುವ ಗೇರ್‌ಗಳನ್ನು ಕಾಯುತ್ತಿರುವುದು ಒಂದು ಲೀಟರ್‌ಗೂ ಕಡಿಮೆ ಎಣ್ಣೆ! ಸೀಲಿನಿಂದ ದಿನಕ್ಕೆ ಕೆಲವೇ ಹನಿ ಸೋರಿದರೂ ಕೆಲವು ತಿಂಗಳಲ್ಲಿ ಮಟ್ಟ ಅಪಾಯಕ್ಕಿಳಿಯಬಹುದು. ಆದ್ದರಿಂದಲೇ ಬದಲಾವಣೆಯಷ್ಟೇ ಮುಖ್ಯ, ನಡುನಡುವೆ ಮಾಡುವ ತಪಾಸಣೆ.

ಯಾವಾಗ ಬದಲಿಸಬೇಕು?

ಅವಧಿ ವಾಹನದಿಂದ ವಾಹನಕ್ಕೆ ಬೇರೆ. ಕೈಪಿಡಿಯಲ್ಲಿ ‘ಸಾಮಾನ್ಯ ಬಳಕೆ’ ಮತ್ತು ‘ಕಠಿಣ ಬಳಕೆ’ ಎಂಬ ಎರಡು ಪಟ್ಟಿಗಳಿದ್ದರೆ ಪ್ರಾಮಾಣಿಕವಾಗಿ ನಿಮ್ಮದು ಯಾವುದೆಂದು ನಿರ್ಧರಿಸಿ. ಘಟ್ಟದ ರಸ್ತೆ, ಕೆಸರು, ಭಾರ ಎಳೆಯುವುದು, ಹಳ್ಳ ದಾಟುವುದು ಇವೆಲ್ಲ ಕಠಿಣ ಬಳಕೆಯೇ. ಇದಲ್ಲದೆ ಮೂರು ಸಂದರ್ಭಗಳಲ್ಲಿ ಕಿಲೋಮೀಟರ್ ಲೆಕ್ಕ ನೋಡದೆ ತಪಾಸಣೆ ಮಾಡಬೇಕು: ಚಕ್ರದ ಮಧ್ಯಭಾಗಕ್ಕಿಂತ ಮೇಲೆ ನೀರು ಬಂದಾಗ, ಹಿಂದಿನ ದಾಖಲೆಯಿಲ್ಲದ ಹಳೆಯ ವಾಹನ ಕೊಂಡಾಗ ಮತ್ತು ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಕಲೆ ಕಂಡಾಗ. ನಗರದಲ್ಲಿ ನೆರೆ ಬಂದು ಬೇಸ್‌ಮೆಂಟ್‌ನಲ್ಲಿ ಮುಳುಗಿದ ವಾಹನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸಿದ್ಧತೆ ಮತ್ತು ಸುರಕ್ಷತೆ

ಬೇಕಾಗುವ ಸಾಮಗ್ರಿಗಳು ಇಷ್ಟು: ಪ್ಲಗ್‌ಗಳಿಗೆ ಸರಿಯಾಗಿ ಕೂರುವ ಸಾಕೆಟ್ ಅಥವಾ ಕೀಲಿ, ಉದ್ದ ಹಿಡಿಕೆ, ಟಾರ್ಕ್ ರೆಂಚ್, ಅಗಲವಾದ ತಟ್ಟೆ, ಎಣ್ಣೆ ತುಂಬಲು ಕೈಪಂಪ್ ಅಥವಾ ನಳಿಕೆಯಿರುವ ದೊಡ್ಡ ಸಿರಿಂಜ್, ಹೊಸ ವಾಶರ್‌ಗಳು, ತಂತಿಯ ಬ್ರಷ್, ಹಳೆಯ ಬಟ್ಟೆ, ಕೈಗವಸು ಮತ್ತು ಕಣ್ಣಿನ ರಕ್ಷಣೆಗೆ ಕನ್ನಡಕ. ಕೆಲವು ಪ್ಲಗ್‌ಗಳಿಗೆ ಆರು ಮೂಲೆಯ ತಲೆಯಿದ್ದರೆ, ಕೆಲವಕ್ಕೆ ಚೌಕಾಕಾರದ ಕುಳಿ ಇರುತ್ತದೆ. ಎಣ್ಣೆ ಕೊಳ್ಳುವ ಮೊದಲೇ ಕೆಳಗೆ ಇಣುಕಿ ನಿಮ್ಮದು ಯಾವುದೆಂದು ತಿಳಿದುಕೊಳ್ಳಿ.

ವಾಹನ ಸಮತಟ್ಟಾಗಿ ನಿಂತಿರಬೇಕು. ಒಂದು ಬದಿ ಎತ್ತರವಾಗಿದ್ದರೆ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ನೆಲದಿಂದ 226 ಮಿಲಿಮೀಟರ್ ಎತ್ತರವಿರುವ ಥಾರ್, 210 ಮಿಲಿಮೀಟರ್ ಎತ್ತರದ ಜಿಮ್ನಿಯಂಥ ವಾಹನಗಳಲ್ಲಿ ತೆಳ್ಳನೆಯ ವ್ಯಕ್ತಿ ಎತ್ತದೆಯೇ ಕೆಲಸ ಮುಗಿಸಬಹುದು. ಎತ್ತಲೇಬೇಕಾದರೆ ನಾಲ್ಕೂ ಕಡೆ ಸಮನಾಗಿ ಎತ್ತಿ, ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ವಾಹನದೊಂದಿಗೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದೊಂದನ್ನೇ ನಂಬಿ ಕೆಳಗೆ ನುಸುಳುವುದು ಪ್ರಾಣಕ್ಕೆ ಎರವಾಗುವ ಸಾಹಸ. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕ್‌ಗಳು ಹಠಾತ್ತನೆ ಸಿಡಿಯುವುದರಿಂದ ಅವನ್ನು ಖಂಡಿತ ಬಳಸಬಾರದು. ಕೆಲಸದ ವೇಳೆ ಮನೆಯಲ್ಲಿ ಮತ್ತೊಬ್ಬರು ಇರಲಿ.

ಇನ್ನೊಂದು ಎಚ್ಚರಿಕೆ ಆಲ್ ವೀಲ್ ಡ್ರೈವ್ ಕಾರುಗಳಿಗೇ ಮೀಸಲು. ಎರಡು ಚಕ್ರ ಮಾತ್ರ ಮೇಲೆತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬಾರದು. ನೆಲದಲ್ಲಿರುವ ಚಕ್ರಗಳಿಗೂ ಶಕ್ತಿ ತಲುಪಿ ಕಾರು ಸ್ಟ್ಯಾಂಡಿನಿಂದ ಜಿಗಿಯಬಹುದು.

ಕೆಲಸದ ಕ್ರಮ

1. ವಾಹನವನ್ನು ಹತ್ತು-ಹದಿನೈದು ನಿಮಿಷ ಓಡಿಸಿ ತನ್ನಿ. ಬೆಚ್ಚಗಾದ ಎಣ್ಣೆ ಸರಾಗವಾಗಿ ಇಳಿಯುತ್ತದೆ. ತಳದ ಲೋಹದ ಪುಡಿಯನ್ನೂ ಜೊತೆಗೊಯ್ಯುತ್ತದೆ. ಎಕ್ಸಾಸ್ಟ್ ಕೊಳವೆ ಮುಟ್ಟದಂತೆ ಎಚ್ಚರವಿರಲಿ.

2. ಎಂಜಿನ್ ನಿಲ್ಲಿಸಿ, ಕೈ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಪ್ಲಗ್‌ಗಳ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಚೆನ್ನಾಗಿ ತೆಗೆಯಿರಿ. ತೆರೆದಾಗ ಆ ಮಣ್ಣು ಒಳಗೆ ಬೀಳಬಾರದು.

3. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ, ಅನಂತರವೇ ಡ್ರೈನ್ ಪ್ಲಗ್. ವರ್ಷಗಳಿಂದ ಮುಟ್ಟದ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕೂತಿರುತ್ತದೆ. ಕೆಳಗಿನದನ್ನು ಮೊದಲು ತೆರೆದು ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಜಗ್ಗದಿದ್ದರೆ, ಎಣ್ಣೆಯಿಲ್ಲದ ವಾಹನವನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಂತೆಯೂ ಇಲ್ಲ. ಮೇಲಿನದು ತೆರೆಯದಿದ್ದರೆ ಅಲ್ಲಿಗೇ ನಿಲ್ಲಿಸಿ. ತುಕ್ಕು ಸಡಿಲಿಸುವ ದ್ರವ ಸಿಂಪಡಿಸಿ ಒಂದು ರಾತ್ರಿ ಬಿಡಿ. ಹಳೆಯ ಎಣ್ಣೆ ಒಳಗೇ ಇರುವುದರಿಂದ ನಷ್ಟವೇನೂ ಇಲ್ಲ.

4. ಯಾವ ಪ್ಲಗ್ ಯಾವುದಕ್ಕೆ ಸೇರಿದ್ದೆಂದು ಎರಡು ಬಾರಿ ಖಚಿತಪಡಿಸಿಕೊಳ್ಳಿ. ಎಂಜಿನ್ ಆಯಿಲ್ ಬದಲಿಸಲು ಹೋಗಿ ಪಕ್ಕದಲ್ಲಿರುವ ಗೇರ್‌ಬಾಕ್ಸ್ ಅಥವಾ ಡಿಫರೆನ್ಷಿಯಲ್‌ನ ಎಣ್ಣೆ ಚೆಲ್ಲಿ, ಎಂಜಿನ್‌ಗೆ ಇನ್ನಷ್ಟು ಎಣ್ಣೆ ತುಂಬಿದ ಪ್ರಸಂಗಗಳು ಸುಬಾರು ಮಾಲೀಕರಲ್ಲಿ ಪ್ರಸಿದ್ಧ.

5. ತಟ್ಟೆಯಿಟ್ಟು ಡ್ರೈನ್ ಪ್ಲಗ್ ಬಿಚ್ಚಿ. ಎಣ್ಣೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಬರಬರುತ್ತಾ ಹತ್ತಿರಕ್ಕೆ ಬೀಳುತ್ತದೆ. ತಟ್ಟೆಯನ್ನು ಅದಕ್ಕೆ ತಕ್ಕಂತೆ ಸರಿಸಿ. ಧಾರೆ ಹನಿಯಾಗುವವರೆಗೆ, ಕನಿಷ್ಠ ಹದಿನೈದು ನಿಮಿಷ ಕಾಯಿರಿ.

6. ಹಲವು ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತವಿರುತ್ತದೆ. ಅದಕ್ಕಂಟಿದ್ದನ್ನು ಪರೀಕ್ಷಿಸಿ, ಒರೆಸಿ ಶುಚಿಗೊಳಿಸಿ. ಹೊಸ ವಾಶರ್ ಹಾಕಿ ಡ್ರೈನ್ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಅನಂತರ ಕೈಪಿಡಿ ಸೂಚಿಸಿದಷ್ಟು ಬಿಗಿ ಮಾಡಿ. ವಾಶರ್ ಇಲ್ಲದ, ಮೊನಚಾಗುತ್ತ ಹೋಗುವ ಮರೆಯ ಪ್ಲಗ್‌ಗಳಿಗೆ ಸೀಲೆಂಟ್ ಬೇಕಾಗಬಹುದು. ಅತಿ ಬಿಗಿ ಮಾಡಿ ಅಲ್ಯೂಮಿನಿಯಂ ಹೌಸಿಂಗ್‌ನ ಮರೆ ಹಾಳುಮಾಡಿದರೆ ದುರಸ್ತಿಯ ಖರ್ಚು ಎಣ್ಣೆಯ ಬೆಲೆಯ ಹಲವು ಪಟ್ಟಾಗುತ್ತದೆ.

7. ಕೈಪಂಪ್‌ನ ನಳಿಕೆಯನ್ನು ಫಿಲ್ಲರ್ ರಂಧ್ರದೊಳಗಿಟ್ಟು ನಿಧಾನವಾಗಿ ತುಂಬಿ. ಬಹುತೇಕ ವಾಹನಗಳಲ್ಲಿ ಎಣ್ಣೆ ಆ ರಂಧ್ರದ ಕೆಳ ಅಂಚಿಗೆ ಬಂದು ಹೊರಜಿನುಗಿದರೆ ಮಟ್ಟ ಸರಿಯಾಯಿತೆಂದು ಅರ್ಥ. ಎಣ್ಣೆ ದಪ್ಪವಾದ್ದರಿಂದ ಸಮನಾಗಲು ಐದು ನಿಮಿಷ ಕೊಟ್ಟು ಮತ್ತೊಮ್ಮೆ ತುಂಬಿ. ಹಾಕಿದ ಪ್ರಮಾಣ ಕೈಪಿಡಿಯ ಅಂಕಿಗೆ ಹತ್ತಿರವಿದೆಯೇ ನೋಡಿ. ಅರ್ಧ ಲೀಟರ್‌ಗೇ ಉಕ್ಕಿದರೆ ವಾಹನ ವಾಲಿದೆ ಅಥವಾ ಹಳೆಯ ಎಣ್ಣೆ ಪೂರ್ತಿ ಇಳಿದಿಲ್ಲ. ಸುಬಾರುವಿನ ಮೇಲೆ ಹೇಳಿದ ಗೇರ್‌ಬಾಕ್ಸ್‌ನಂತೆ ಅಳತೆ ಕಡ್ಡಿ ಇದ್ದರೆ ಅದರ ಗುರುತನ್ನೇ ಅನುಸರಿಸಿ.

8. ಫಿಲ್ಲರ್ ಪ್ಲಗ್ ಬಿಗಿಗೊಳಿಸಿ, ಸುತ್ತ ಒರೆಸಿ. ಉಳಿದ ಎಣ್ಣೆ ಮನೆಗಳಿಗೂ ಇದೇ ಕ್ರಮ. ಒಂದನ್ನು ಪೂರ್ತಿ ಮುಗಿಸಿದ ಮೇಲೆಯೇ ಮುಂದಿನದನ್ನು ತೆರೆಯಿರಿ. ನಾಲ್ಕನ್ನೂ ಏಕಕಾಲಕ್ಕೆ ತೆರೆದಿಟ್ಟರೆ ಒಂದು ಖಾಲಿಯಾಗಿಯೇ ಉಳಿಯುವ ಅಪಾಯವಿದೆ.

9. ಬ್ರೀದರ್‌ಗಳನ್ನು ಹುಡುಕಿ ಶುಚಿಗೊಳಿಸಿ. ಬ್ರೀದರ್ ಕಟ್ಟಿಕೊಂಡರೆ ಒಳಗಿನ ಒತ್ತಡ ಸೀಲಿನ ಮೂಲಕ ಎಣ್ಣೆಯನ್ನು ಹೊರದೂಡುತ್ತದೆ. ಎಷ್ಟೋ ವೇಳೆ ‘ಸೀಲ್ ಹೋಗಿದೆ’ ಎಂಬ ದೂರಿನ ಮೂಲ ಈ ಪುಟ್ಟ ಗಂಡಿಯೇ ಆಗಿರುತ್ತದೆ. ಗ್ರೀಸ್ ನಿಪ್ಪಲ್‌ಗಳಿರುವ ಪ್ರೊಪೆಲ್ಲರ್ ಶಾಫ್ಟ್‌ಗೆ ಇದೇ ವೇಳೆ ಗ್ರೀಸ್ ಹೊಡೆಯುವುದು ಜಾಣತನ.

10. ಕೆಲವು ಕಿಲೋಮೀಟರ್ ಓಡಿಸಿ ಬಂದು ಪ್ಲಗ್‌ಗಳ ಸುತ್ತ ಸೋರಿಕೆಯಿದೆಯೇ ನೋಡಿ. ಲಿವರ್ ಎಳೆಯುವ ಮಾದರಿಯ ವಾಹನವಾದರೆ ಮಣ್ಣಿನ ಮೇಲೆ ಸ್ವಲ್ಪ ದೂರ ನಾಲ್ಕು ಚಕ್ರಗಳ ಚಾಲನೆಯಲ್ಲಿ ಓಡಿಸಿ. ಒಣಗಿದ ಡಾಂಬರು ರಸ್ತೆಯಲ್ಲಿ ಇದನ್ನು ಮಾಡಬಾರದು. ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಬಿಗಿದುಕೊಂಡು ಗೇರ್‌ಗಳಿಗೆ ಪೆಟ್ಟಾಗುತ್ತದೆ. ದಿನಾಂಕ, ಕಿಲೋಮೀಟರ್, ಎಣ್ಣೆಯ ದರ್ಜೆಗಳನ್ನು ಬರೆದಿಡಿ.

ಹಳೆಯ ಎಣ್ಣೆ ಹೇಳುವ ಕಥೆ

ರಕ್ತಪರೀಕ್ಷೆಯ ವರದಿಯಂತೆ, ಇಳಿದ ಎಣ್ಣೆಯೂ ವಾಹನದ ಆರೋಗ್ಯವನ್ನು ಹೇಳುತ್ತದೆ. ಕಪ್ಪಾಗಿದ್ದು ಇನ್ನೂ ಜಿಡ್ಡಾಗಿದ್ದರೆ ಅದು ಕೇವಲ ವಯಸ್ಸು. ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಮೆತ್ತೆ ಅಂಟಿದ್ದರೆ ಸಹಜ ಸವೆತ, ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಮಾತ್ರ ವಾಹನ ಓಡಿಸದೆ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ. ಗೇರ್‌ಬಾಕ್ಸ್ ಎಣ್ಣೆಯಲ್ಲಿ ಚಿನ್ನದಂತೆ ಮಿನುಗುವ ಪುಡಿ ಕಂಡರೆ ಸಿಂಕ್ರೊನೈಸರ್ ಬಳೆಗಳು ಸವೆಯುತ್ತಿವೆ. ಸುಟ್ಟ ವಾಸನೆ ಅತಿಯಾದ ಶಾಖದ ಗುರುತು.

ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವುದು ನಿಶ್ಚಿತ. ಆಗ ಒಂದು ಬದಲಾವಣೆ ಸಾಲದು. ಹೊಸ ಎಣ್ಣೆ ತುಂಬಿ, ಸ್ವಲ್ಪ ದೂರ ಓಡಿಸಿ, ಅದನ್ನೂ ಇಳಿಸಿ ಮತ್ತೆ ತುಂಬಬೇಕು. ನೀರು ಬಂದ ದಾರಿಯನ್ನು ಪತ್ತೆಹಚ್ಚದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ. ನೀರು ಬೆರೆತ ಎಣ್ಣೆಯನ್ನು ‘ನೋಡೋಣ’ ಎಂದು ಬಿಟ್ಟರೆ ವಾಹನ ನಿಂತಲ್ಲೇ ಬೇರಿಂಗ್‌ಗಳಿಗೆ ತುಕ್ಕು ಹಿಡಿಯುತ್ತದೆ.

ಮನೆಯಲ್ಲಿ ಮಾಡಬಾರದ್ದು

ಎಲ್ಲವನ್ನೂ ಅಂಗಳದಲ್ಲೇ ಮಾಡಬೇಕೆಂಬ ಹಠ ಬೇಡ. ಆಟೊಮ್ಯಾಟಿಕ್ ಮತ್ತು ಸಿವಿಟಿ ಗೇರ್‌ಬಾಕ್ಸ್‌ಗಳ ದ್ರವ ಬಹಳ ಸೂಕ್ಷ್ಮ. ಹಲವು ಮಾದರಿಗಳಲ್ಲಿ ನಿರ್ದಿಷ್ಟ ಉಷ್ಣಾಂಶದಲ್ಲಿ, ಎಂಜಿನ್ ಚಾಲೂ ಇರುವಾಗಲೇ ಮಟ್ಟ ನೋಡಬೇಕಾಗುತ್ತದೆ. ಸ್ಕೋಡಾ ಕೋಡಿಯಾಕ್‌ನಂಥ ಕಾರುಗಳಲ್ಲಿರುವ ಹಾಲ್ಡೆಕ್ಸ್ ಕಪ್ಲಿಂಗ್‌ಗೆ ತನ್ನದೇ ಆದ ದ್ರವವಿದೆ; ಅದರ ಪಕ್ಕದ ಡಿಫರೆನ್ಷಿಯಲ್ ಎಣ್ಣೆಯೇ ಬೇರೆ. ಇವೆರಡನ್ನು ಅದಲು ಬದಲು ಮಾಡಿದರೆ ಕಪ್ಲಿಂಗ್ ಕೆಡುತ್ತದೆ. ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಕಪ್ಲಿಂಗ್ ಮುಚ್ಚಿದ ಪೆಟ್ಟಿಗೆ. ಅದನ್ನು ತೆರೆಯುವ ಪ್ರಶ್ನೆಯೇ ಇಲ್ಲ. ವಾರಂಟಿ ಅವಧಿಯಲ್ಲಿರುವ ವಾಹನವಾದರೆ ಅಧಿಕೃತ ಕಾರ್ಯಾಗಾರದಲ್ಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳುವುದು ಕ್ಷೇಮ.

ಆಲ್ ವೀಲ್ ಡ್ರೈವ್ ಕಾರಿನಲ್ಲಿ ಎರಡೇ ಹೊಸ ಟೈರ್ ಹಾಕಿ ಮಿಕ್ಕೆರಡನ್ನು ಸವೆದದ್ದೇ ಉಳಿಸುವ ಉಳಿತಾಯವೂ ಬೇಡ. ಸುತ್ತಳತೆಯ ವ್ಯತ್ಯಾಸದಿಂದಾಗಿ ನೇರ ರಸ್ತೆಯಲ್ಲೂ ಕಪ್ಲಿಂಗ್ ಜಾರುತ್ತಲೇ ಇರಬೇಕಾಗುತ್ತದೆ. ಆ ಶಾಖಕ್ಕೆ ಯಾವ ಉತ್ತಮ ಎಣ್ಣೆಯೂ ಬಹುಕಾಲ ತಾಳದು.

ಇಳಿಸಿದ ಎಣ್ಣೆ ಎಲ್ಲಿಗೆ?

ಹಳೆಯ ಎಣ್ಣೆಯನ್ನು ಬೇಲಿ ಗೂಟಗಳಿಗೆ ಗೆದ್ದಲು ಹತ್ತದಂತೆ ಬಳಿಯುವುದು, ದೂಳು ಏಳದಂತೆ ಅಂಗಳಕ್ಕೆ ಚಿಮುಕಿಸುವುದು, ಇಲ್ಲವೇ ಚರಂಡಿಗೆ ಸುರಿಯುವುದು ನಮ್ಮಲ್ಲಿ ಕಾಣಸಿಗುವ ರೂಢಿ. ಮಳೆ ಬಂದೊಡನೆ ಅದು ಹಳ್ಳಕ್ಕೆ, ಬಾವಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ. 2023ರ ತಿದ್ದುಪಡಿಯ ಮೂಲಕ, 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ಉತ್ಪಾದಕರ ಮೇಲೂ ಹೊರಿಸಲಾಗಿದೆ. ಮನೆಯಲ್ಲಿ ಕೆಲಸ ಮಾಡುವವರು ಹಳೆಯ ಎಣ್ಣೆಯನ್ನು ಹೊಸ ಎಣ್ಣೆಯ ಖಾಲಿ ಡಬ್ಬಿಗಳಿಗೇ ತುಂಬಿ, ಮುಚ್ಚಳ ಬಿಗಿದು, ಬಳಸಿದ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಕಳುಹಿಸುವ ಸರ್ವೀಸ್ ಸೆಂಟರ್‌ಗೆ ಕೊಡುವುದು ಸರಿಯಾದ ದಾರಿ. ಅದಕ್ಕೆ ನೀರು, ಪೆಟ್ರೋಲ್ ಅಥವಾ ಬ್ರೇಕ್ ದ್ರವ ಬೆರೆಸಬೇಡಿ. ಬೆರೆಸಿದರೆ ಮರುಸಂಸ್ಕರಣೆ ಕಷ್ಟವಾಗುತ್ತದೆ. ಡಬ್ಬಿಯ ಮೇಲೆ ‘ಹಳೆಯ ಎಣ್ಣೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಮಕ್ಕಳ ಕೈಗೆ ಸಿಗದಂತಿಡಿ.

ಕೊನೆಯ ಮಾತು

ಪ್ರತಿ ಬಾರಿಯೂ ಎಣ್ಣೆ ಬದಲಿಸಲು ನಿಮಗೆ ಬಿಡುವಿರಲಿಕ್ಕಿಲ್ಲ. ಗ್ಯಾರೇಜಿನಲ್ಲೇ ಮಾಡಿಸುವುದಾದರೂ ಈ ಕ್ರಮ ಗೊತ್ತಿದ್ದರೆ ಯಾವ ದರ್ಜೆಯ ಎಣ್ಣೆ ಹಾಕಿದರು, ನಾಲ್ಕೂ ಮನೆಗಳಿಗೆ ಹಾಕಿದರೇ, ಹಳೆಯ ಎಣ್ಣೆಯ ಬಣ್ಣವೇನಿತ್ತು ಎಂದು ಕೇಳಬಹುದು. ಕನಿಷ್ಠಪಕ್ಷ ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುನ್ನ ಒಮ್ಮೆ ಮತ್ತು ಮಳೆ ನಿಂತ ಮೇಲೆ ಒಮ್ಮೆ, ಫಿಲ್ಲರ್ ಪ್ಲಗ್ ತೆರೆದು ಕಿರುಬೆರಳು ಹಾಕಿ ನೋಡಿ. ಬೆರಳ ತುದಿಗೆ ಎಣ್ಣೆ ತಾಗಬೇಕು. ಅದರ ಬಣ್ಣ ಕಾಫಿಯಂತಿರಬಾರದು. ಎಚ್ಚರಿಕೆಯ ದೀಪವಿಲ್ಲದ ಈ ಎಣ್ಣೆಗೆ ನಿಮ್ಮ ಬೆರಳೇ ದೀಪ. ಹತ್ತು ನಿಮಿಷದ ಈ ಪರೀಕ್ಷೆ, ಮಳೆಯ ರಾತ್ರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಘಟ್ಟದ ತಿರುವಿನಲ್ಲಿ ಕುಟುಂಬದೊಂದಿಗೆ ಸಿಕ್ಕಿಬೀಳುವುದನ್ನು ತಪ್ಪಿಸಬಲ್ಲದು ಎಂಬುದನ್ನು ಮರೆಯದಿರಿ.